ಮಂಡ್ಯದಲ್ಲಿ ಕೂತು ಬೆಂಗಳೂರಿನ ಸರ್ವರ್‌ಗೆ ಓಎಸ್: ವರ್ಚುವಲ್ ಮೀಡಿಯಾ ಮೂರು ವರ್ಷ ಬಳಸಿದ ಮೇಲೆ

ನಮ್ಮ ಆಫೀಸಿನ ನಾಲ್ಕು ಸರ್ವರ್‌ಗಳು ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿವೆ. ನಾನಿರುವುದು ಮಂಡ್ಯದಲ್ಲಿ. ಮೊದಲೆಲ್ಲ ಓಎಸ್ (ಉಬುಂಟು, ಡೆಬಿಯನ್ ಥರದ ಆಪರೇಟಿಂಗ್ ಸಿಸ್ಟಂ) ಹಾಕಬೇಕು ಅಂದರೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೆಳಗ್ಗೆ ರೈಲು ಹತ್ತುತ್ತಿದ್ದೆ. ಒಂದು ಗಂಟೆ ಕೆಲಸಕ್ಕೆ ಇಡೀ ದಿನ ಹೋಗುತ್ತಿತ್ತು. ಮೂರು ವರ್ಷದಿಂದ ಆ ಓಡಾಟ ನಿಂತಿದೆ. ವರ್ಚುವಲ್ ಮೀಡಿಯಾ ಬಳಸಿ ಇದುವರೆಗೆ ಹನ್ನೊಂದು ಸಲ ಮನೆಯಿಂದಲೇ ಓಎಸ್ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸರ್ವರ್‌ನ ಮದರ್‌ಬೋರ್ಡ್ ಮೇಲೆ ಬಿಎಂಸಿ ಅಂತ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಡೆಲ್‌ನಲ್ಲಿ ಅದು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ. ಸರ್ವರ್ ಆಫ್ ಆಗಿದ್ದರೂ ಕೇಬಲ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಇದು ಓಡುತ್ತಿರುತ್ತದೆ. ಬ್ರೌಸರ್‌ನಲ್ಲಿ ಲಾಗಿನ್ ಆದರೆ ಸರ್ವರ್‌ನ ಸ್ಕ್ರೀನ್ ಕಾಣುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ನಕಲು) ಆರಿಸಿ ಕೊಟ್ಟರೆ, ಸರ್ವರ್‌ಗೆ ಅದು ತನಗೇ ಸಿಕ್ಕಿಸಿದ ಯುಎಸ್‌ಬಿ ಡಿವಿಡಿ ಡ್ರೈವ್ ಥರ ಕಾಣುತ್ತದೆ. ಇದೇ ವರ್ಚುವಲ್ ಮೀಡಿಯಾ.

ಮೊದಲ ಸಲ ಉಬುಂಟು ಸರ್ವರ್ ಹಾಕಿದೆ. ಫೈಲ್ ಎರಡೂವರೆ ಜಿಬಿಗೂ ಜಾಸ್ತಿ. ನಮ್ಮ ಮನೆಯ ಅಪ್‌ಲೋಡ್ 30 ಎಂಬಿಪಿಎಸ್. ಲೆಕ್ಕದ ಪ್ರಕಾರ ಹನ್ನೆರಡು ನಿಮಿಷ ಸಾಕು. ಹಿಡಿದದ್ದು ಎರಡು ಗಂಟೆ! ಇನ್‌ಸ್ಟಾಲರ್ ಒಂದೊಂದು ತುಣುಕು ಕೇಳಿ, ಅದು ಬರುವವರೆಗೆ ಕಾದು, ಆಮೇಲೆ ಮುಂದಿನದು ಕೇಳುತ್ತದೆ. ಪ್ರತಿಯೊಂದೂ ಬೆಂಗಳೂರಿಂದ ಮಂಡ್ಯಕ್ಕೆ ಬಂದು ಹೋಗಬೇಕು. ಬಿಎಂಸಿಯ ಪ್ರೊಸೆಸರ್ ಬೇರೆ ಚಿಕ್ಕದು.

ಎರಡನೇ ಸಲ ಆಷಾಢದ ಗಾಳಿ. ಎಪ್ಪತ್ತು ಪರ್ಸೆಂಟ್ ಆಗಿತ್ತು. ಅಡುಗೆಮನೆಯಿಂದ ಅಮ್ಮ "ಕರೆಂಟ್ ಹೋಯ್ತು ಕಣಪ್ಪ" ಅಂದರು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು, ಆದರೆ ರೂಟರ್ ಆರಿತ್ತು. ಮತ್ತೆ ಲಾಗಿನ್ ಆದಾಗ ಸ್ಕ್ರೀನ್ ತುಂಬ ಎಸ್‌ಆರ್‌ಝೀರೋ ಐಓ ಎರರ್. ಓದುತ್ತಿದ್ದ ಡಿಸ್ಕ್ ಅರ್ಧದಲ್ಲೇ ಮಾಯವಾಗಿತ್ತು. ಮೊದಲಿಂದ ಶುರು ಮಾಡಬೇಕಾಯಿತು. ಲ್ಯಾಪ್‌ಟಾಪ್ ಮುಚ್ಚಿದರೂ, ಬ್ರೌಸರ್ ಟ್ಯಾಬ್ ಮುಚ್ಚಿದರೂ ಇದೇ ಕಥೆ.

ಅದಕ್ಕೇ ಹೇಳೋದು, ಫೈಲನ್ನು ಮನೆಯಿಂದ ಕಳಿಸಬೇಡಿ. ಸರ್ವರ್ ಪಕ್ಕದಲ್ಲೇ ಇಡಿ. ನಾನು ಅದೇ ರ‍್ಯಾಕ್‌ನ ಇನ್ನೊಂದು ಸರ್ವರ್‌ನಲ್ಲಿ ಐಎಸ್‌ಒಗಳನ್ನು ಇಟ್ಟು ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೂಲಕ ಹಂಚಿದ್ದೇನೆ. ಬಿಎಂಸಿಯಲ್ಲಿ ರಿಮೋಟ್ ಫೈಲ್ ಶೇರ್ ಅನ್ನುವ ಕಡೆ ಅದರ ವಿಳಾಸ ಕೊಟ್ಟರೆ ಆಯಿತು. ಈಗ ನನ್ನ ಮನೆಗೆ ಬರುವುದು ಬರೀ ಸ್ಕ್ರೀನ್‌ನ ಚಿತ್ರ. ಕಳೆದ ತಿಂಗಳು ಡೆಬಿಯನ್ ಹಾಕಿದ್ದು ಇಪ್ಪತ್ತೈದು ನಿಮಿಷ. ನಡುವೆ ಒಮ್ಮೆ ನೆಟ್ ಹೋಗಿ ಬಂತು, ಅದರ ಪಾಡಿಗೆ ಅದು ನಡೀತಾನೇ ಇತ್ತು. ಎಷ್ಟು ಸಮಾಧಾನ ಆಯಿತು ಗೊತ್ತಾ! ಪಕ್ಕದಲ್ಲಿ ಇನ್ನೊಂದು ಸರ್ವರ್ ಇಲ್ಲದಿದ್ದರೆ ನೆಟ್‌ಬೂಟ್ ಡಾಟ್ ಎಕ್ಸ್‌ವೈಝೆಡ್‌ನ ಪುಟ್ಟ ಐಎಸ್‌ಒ ಕೊಡಿ. ಉಳಿದದ್ದನ್ನು ಅದು ಡೇಟಾ ಸೆಂಟರ್‌ನ ನೆಟ್‌ನಲ್ಲೇ ಇಳಿಸಿಕೊಳ್ಳುತ್ತದೆ.

ಸಣ್ಣಪುಟ್ಟ ಕಿರಿಕಿರಿ ಈಗಲೂ ಇವೆ. ನೆಟ್ ನಿಧಾನವಿದ್ದರೆ ಒಂದು ಸಲ ಒತ್ತಿದ ಅಕ್ಷರ ಮೂರು ಸಲ ಬೀಳುತ್ತದೆ. ಪಾಸ್‌ವರ್ಡ್‌ನಲ್ಲಿ ಇದು ಕಾಣುವುದೂ ಇಲ್ಲ. ಹಾಗಾಗಿ ಇನ್‌ಸ್ಟಾಲ್ ಮಾಡುವಾಗ ಸರಳ ಪಾಸ್‌ವರ್ಡ್ ಕೊಟ್ಟು, ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಸಿಕ್ಕ ತಕ್ಷಣ ಬದಲಾಯಿಸುತ್ತೇನೆ. ಬೂಟ್ ಆಯ್ಕೆಯಲ್ಲಿ 'ಒಂದು ಸಲ ಮಾತ್ರ' ಅನ್ನುವುದನ್ನೇ ಆರಿಸಿ. ಇಲ್ಲದಿದ್ದರೆ ರೀಬೂಟ್ ಆದಾಗ ಮತ್ತೆ ಇನ್‌ಸ್ಟಾಲರೇ ಬರಬಹುದು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಬಿಎಂಸಿಯನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡಬೇಡಿ. 2019ರಲ್ಲಿ ಸೂಪರ್‌ಮೈಕ್ರೋ ಬೋರ್ಡ್‌ಗಳ ವರ್ಚುವಲ್ ಮೀಡಿಯಾದಲ್ಲೇ ಯುಎಸ್‌ಬಿಎನಿವೇರ್ ಅನ್ನುವ ದೋಷಗಳು ಬಯಲಾದವು. ದೂರದಲ್ಲಿ ಕೂತವರು ನಮ್ಮ ಸರ್ವರ್‌ಗೆ ತಮ್ಮದೇ ಡಿಸ್ಕ್ ಸಿಕ್ಕಿಸಬಹುದು ಅಂದರೆ ಭಯ ಆಗಲ್ವಾ? ನಮ್ಮಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಹೊರಗಿನವರು ಬರಲಾಗದ ಖಾಸಗಿ ನೆಟ್‌ವರ್ಕ್) ಒಳಗಿಂದ ಮಾತ್ರ ಲಾಗಿನ್ ಆಗಲು ಬರುತ್ತದೆ.

ಹೊಸ ಸರ್ವರ್ ಕೊಳ್ಳುವವರು ಲೈಸೆನ್ಸ್ ಬಗ್ಗೆ ಮೊದಲೇ ಕೇಳಿ. ಎಷ್ಟೋ ಮಾದರಿಗಳಲ್ಲಿ ವರ್ಚುವಲ್ ಮೀಡಿಯಾಕ್ಕೆ ಬೇರೆ ದುಡ್ಡು ಕೊಡಬೇಕು. ನಮ್ಮ ನಾಲ್ಕನೇ ಸರ್ವರ್‌ಗೆ ಆ ಲೈಸೆನ್ಸ್ ಬಂದಿರಲಿಲ್ಲ. ಆಮೇಲೆ ತರಿಸಿ ಹಾಕಿಸಿದೆವು.