ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ಹಾಕಲು ಹೊರಟವರೇ, ಕ್ಯಾಸೆಟ್ ಮುಟ್ಟುವ ಮೊದಲು ಇದನ್ನು ಓದಿ

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ವ್ಯವಸ್ಥೆ) ಇರುವ ಯಂತ್ರಕ್ಕೆ ಸೌಂಡ್ ಕಾರ್ಡ್ (ಸದ್ದನ್ನು ಒಳಗೂ ಹೊರಗೂ ಸಾಗಿಸುವ ಬಿಡಿಭಾಗ) ಹಾಕಲು ಹೊರಟವರು ಇದ್ದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಉಳಿಸಿಕೊಳ್ಳಬೇಕಾದ ಕ್ಯಾಸೆಟ್ಟನ್ನೇ ಹಾಕಿ ಪರೀಕ್ಷೆ ಮಾಡಬೇಡಿ. ಯಾರೋ ಕಳುಹಿಸಿದ ಆಜ್ಞೆಯನ್ನು ಟರ್ಮಿನಲ್ಲಿಗೆ (ಆಜ್ಞೆ ಟೈಪ್ ಮಾಡುವ ಕಿಟಕಿಗೆ) ಅಂಟಿಸಿ, ಅದು ಕೇಳುವ ಪ್ರಶ್ನೆಯನ್ನು ಓದದೆ ‘ವೈ’ (ಅಂದರೆ ಹೌದು) ಒತ್ತಬೇಡಿ. ನಾನು ಎರಡನ್ನೂ ಮಾಡಿದೆ. ಮೂರು ವಾರವೂ ಎರಡು ಸಾವಿರ ಚಿಲ್ಲರೆ ರೂಪಾಯಿಯೂ ಹೋದವು, ಹೋಗಲಿ. ಅಪ್ಪನ ದನಿಯ ಹತ್ತೊಂಬತ್ತು ಸೆಕೆಂಡು ಹೋಯಿತು, ಅದು ಸಹಿಸಲಾಗುತ್ತಿಲ್ಲ.

ನಮ್ಮದು ಚಿಂತಾಮಣಿ. ಅಪ್ಪ ಕೇಳಿಕೆಯಲ್ಲಿ ದುರ್ಯೋಧನನ ವೇಷ ಕಟ್ಟುತ್ತಿದ್ದವರು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಯಲಾಟವನ್ನು ಕೇಳಿಕೆ ಎನ್ನುತ್ತೇವೆ. ರಾತ್ರಿ ಊಟವಾದ ಮೇಲೆ ಶುರುವಾದರೆ, ಮುಗಿಯುವ ಹೊತ್ತಿಗೆ ಡೇರಿಗೆ ಹಾಲು ಹಾಕುವವರು ಕ್ಯಾನು ಹಿಡಿದು ಹಿಂದೆ ನಿಂತಿರುತ್ತಿದ್ದರು. ಚಿಕ್ಕಪ್ಪ ಟೇಪ್ ರೆಕಾರ್ಡರನ್ನು ಹಾರ್ಮೋನಿಯಂ ಪಕ್ಕದಲ್ಲಿಟ್ಟು ತುಂಬಿಸಿಕೊಂಡ 23 ಕ್ಯಾಸೆಟ್‌ಗಳು ನಮ್ಮಲ್ಲಿವೆ. ಬೇರೆ ಪ್ರತಿ ಇರಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತಲ್ಲ, ಆಗ ನನ್ನ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಮಿಂಟ್ (ಲಿನಕ್ಸ್‌ನ ಒಂದು ಬಗೆ) ಹಾಕಿಕೊಂಡೆ. ಅಕ್ಕನ ಮಗನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು 21ನೆಯ ಆವೃತ್ತಿ, ಅದನ್ನೇ. ಅದರ ಬಗ್ಗೆ ನನಗೆ ದೂರಿಲ್ಲ. ಶಾಲೆಯ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎಲ್ಲವೂ ಅದರಲ್ಲೇ ಆಗುತ್ತಿವೆ.

ತೊಂದರೆ ಕ್ಯಾಸೆಟ್ಟಿನಿಂದ ಶುರುವಾಯಿತು. ಕಂಪ್ಯೂಟರಿನ ಬೆನ್ನಿಗೆ ಮೂರು ಬಣ್ಣದ ತೂತುಗಳಿರುತ್ತವೆ: ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನ ಟೇಪ್ ರೆಕಾರ್ಡರ್‌ನಂಥವುಗಳಿಗೆ. ನನ್ನ ಯಂತ್ರದ ನೀಲಿ ತೂತು ಕಿಲುಬು ಹಿಡಿದು, ಪಿನ್ ಮುಟ್ಟಿದರೆ ಕರಕರ ಎನ್ನುತ್ತಿತ್ತು. ಮೊದಲು 250 ರೂಪಾಯಿಯ ಯುಎಸ್‌ಬಿ ತುಣುಕೊಂದನ್ನು ತಂದೆ. ಲಿನಕ್ಸ್ ಅದನ್ನು ಚುಚ್ಚಿದ ಕೂಡಲೇ ಗುರುತಿಸಿತು. ಆದರೆ ಇಂಥ ಅಗ್ಗದ ತುಣುಕುಗಳಲ್ಲಿ ಸದ್ದು ಒಳಗೆ ತರಲು ಸಾಮಾನ್ಯವಾಗಿ ಇರುವುದು ಮೈಕಿನ ತೂತು ಮಾತ್ರ. ಮೈಕಿನ ಪಿಸುಮಾತನ್ನು ಎತ್ತಿಹಿಡಿಯಲು ಮಾಡಿದ ದಾರಿಗೆ ಟೇಪ್ ರೆಕಾರ್ಡರಿನ ದೊಡ್ಡ ಸದ್ದನ್ನು ನುಗ್ಗಿಸಿದರೆ ಹರಿದುಹೋಗುತ್ತದೆ. ಅಪ್ಪನ ಆರ್ಭಟ ತಗಡಿನ ಡಬ್ಬಿಯೊಳಗೆ ಕಲ್ಲು ಕುಲುಕಿದಂತೆ ಕೇಳಿಸಿತು. ಕ್ಯಾಸೆಟ್ ಇಳಿಸುವವರು ‘ಲೈನ್ ಇನ್’, ಅಂದರೆ ಆ ನೀಲಿ ತೂತಿನಂಥದ್ದು, ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಆ ಒಂದು ವಿಷಯ ಮೊದಲೇ ಗೊತ್ತಿದ್ದರೆ ಮುಂದಿನ ಕತೆ ಚಿಕ್ಕದಾಗುತ್ತಿತ್ತು.

ಎರಡನೆಯ ಸಲ ಚಿಕ್ಕಬಳ್ಳಾಪುರಕ್ಕೆ ಹೋದಾಗ ಅಲ್ಲಿನ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ಟಿನ ಒಳಗೆ ಕೂರಿಸುವ ಕಾರ್ಡ್ ಕೊಂಡೆ. 1,650 ರೂಪಾಯಿ. ಪೆಟ್ಟಿಗೆಯ ಮೇಲೆ ಹೊಳೆಯುವ ಅಕ್ಷರದಲ್ಲಿ ‘24 ಬಿಟ್’ (ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ಎಂಬ ಲೆಕ್ಕ), ‘7.1’ (ಎಷ್ಟು ಸ್ಪೀಕರಿಗೆ ಸದ್ದು ಕೊಡುತ್ತದೆ ಎಂಬುದು), ಜೊತೆಗೆ ಬೆಂಕಿ ಉಗುಳುವ ಡ್ರ್ಯಾಗನ್. ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿದೆ. “ಎಲ್ಲದರಲ್ಲೂ ನಡೆಯುತ್ತದೆ ಸರ್, ಹಾಕಿ ಆನ್ ಮಾಡಿದರೆ ಮುಗಿಯಿತು” ಎಂದರು. ಚಿಪ್ ಯಾವುದು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದೇ ತಿಳಿದಿರಲಿಲ್ಲ.

ಹಾಕಿದೆ, ಆನ್ ಮಾಡಿದೆ. ಹಾಡು ಕೇಳಿಸುತ್ತಿತ್ತು, ರೆಕಾರ್ಡಿಂಗ್ ಮಾತ್ರ ಇಲ್ಲ. ಆಡಾಸಿಟಿ ಎಂಬ ರೆಕಾರ್ಡಿಂಗ್ ಪ್ರೋಗ್ರಾಂ ತೆರೆದು ಕೆಂಪು ಗುಂಡಿ ಒತ್ತಿದರೆ ನಡುವೆ ಒಂದು ನೇರ ಗೆರೆ ಹರಿಯುತ್ತಾ ಹೋಗುತ್ತದೆ, ಉಬ್ಬುವುದಿಲ್ಲ, ತಗ್ಗುವುದಿಲ್ಲ. ಟೇಪ್ ರೆಕಾರ್ಡರ್ ಓಡುತ್ತಿದೆ, ವೈರ್ ಸರಿಯಾಗಿದೆ, ಗೆರೆ ಸತ್ತಂತೆ ಮಲಗಿದೆ. ಅಂಗಡಿಗೆ ಫೋನ್ ಮಾಡಿದರೆ, “ಪೆಟ್ಟಿಗೆ ಒಡೆದ ಮೇಲೆ ವಾಪಸ್ ಇಲ್ಲ ಸರ್. ಆ ಲಿನಕ್ಸ್ ತೆಗೆದುಬಿಡಿ, ಎಂಟು ನೂರು ಕೊಟ್ಟರೆ ವಿಂಡೋಸ್ ಹಾಕಿಕೊಡುತ್ತೇವೆ” ಎಂದರು.

ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬರ ಮಗ ಮೊಬೈಲಿಗೆ ಎರಡು ಸಾಲು ಕಳುಹಿಸಿದ. ಮೊದಲನೆಯದು ಲಿನಕ್ಸ್‌ನಲ್ಲಿ ಸದ್ದನ್ನು ನಡೆಸುವ ಪಲ್ಸ್‌ಆಡಿಯೋ, ಆಲ್ಸಾ, ಅದರ ಮೂಲ ಲೈಬ್ರರಿ ಎಲ್ಲವನ್ನೂ ಬೇರುಸಹಿತ ಕೀಳುವುದು, ಎರಡನೆಯದು ಮತ್ತೆ ಹಾಕುವುದು. ಅಂಟಿಸಿದೆ. ಪರದೆ ತುಂಬ ಹೆಸರುಗಳು ಉರುಳಿದವು, ಇವೆಲ್ಲವನ್ನೂ ತೆಗೆಯುತ್ತೇನೆ, ಮುಂದುವರಿಯಲೇ ಎಂದು ಕೇಳಿತು. ಆ ಹೆಸರುಗಳ ನಡುವೆ ‘ಸಿನಮನ್’ ಎಂದಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಪಲಾವಿಗೆ ಹಾಕುವ ಚಕ್ಕೆಗೆ ಇಲ್ಲೇನು ಕೆಲಸ ಎಂದುಕೊಂಡು ‘ವೈ’ ಒತ್ತಿದೆ. ಪ್ರಶ್ನೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಿರುವ ಗಣಿತದ ಮೇಷ್ಟ್ರು ನಾನು.

ಸಿನಮನ್ ಎಂದರೆ ಮಿಂಟ್‌ನಲ್ಲಿ ನಾವು ಕಾಣುವ ಮೆನು, ಕಿಟಕಿ, ಕೆಳಗಿನ ಪಟ್ಟಿ ಎಲ್ಲವೂ. ಸದ್ದಿನ ಮೂಲ ಲೈಬ್ರರಿಯನ್ನು ನೆಚ್ಚಿಕೊಂಡಿರುವ ಪ್ರೋಗ್ರಾಂಗಳು ನೂರಾರು. ಬುಡ ಕಿತ್ತರೆ ಅವೂ ಜೊತೆಗೇ ಹೋಗುತ್ತವೆ. ಎರಡನೆಯ ಸಾಲು ಅಂಟಿಸುವ ಮೊದಲು ರೀಸ್ಟಾರ್ಟ್ ಮಾಡಿ ಎಂದು ಹುಡುಗ ಬರೆದಿದ್ದ, ಮಾಡಿದೆ. ಕಪ್ಪು ಪರದೆ, ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ‘ಲಾಗಿನ್’, ಮುಂದೆ ಮಿಣುಕುವ ಒಂದು ಗೆರೆ. ಅಂದು ರಾತ್ರಿ ನಾನು ಊಟ ಮಾಡಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಅದರ ಹಿಂದಿನ ದಿನವೇ ಬಿದ್ದಿತ್ತು. ಪ್ರತಿ ಸಲ ಏನಾದರೂ ಬದಲಾಯಿಸಿದಾಗ ಗೆರೆ ಅಲುಗಾಡುತ್ತದೆಯೇ ಎಂದು ನೋಡಲು ಒಂದೇ ಕ್ಯಾಸೆಟ್ ಹಾಕುತ್ತಿದ್ದೆ, ಅಪ್ಪ ಸಭೆಗೆ ಬರುವ ಭಾಗದ್ದು. ಹಾಕು, ಹಿಂದಕ್ಕೆ ಸುತ್ತು, ಮತ್ತೆ ಹಾಕು. ನಲವತ್ತು ಸಲವಾದರೂ ಆಗಿರಬೇಕು. ಟೇಪ್ ರೆಕಾರ್ಡರಿನ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿತ್ತು. ಹಾಗಾದಾಗ ಸುತ್ತಿಕೊಳ್ಳಬೇಕಾದ ಚಕ್ರ ಎಳೆಯುವುದಿಲ್ಲ, ಮುಂದಕ್ಕೆ ತಳ್ಳುವ ರೋಲರ್ ಮಾತ್ರ ತಳ್ಳುತ್ತಲೇ ಇರುತ್ತದೆ, ಟೇಪ್ ಅದಕ್ಕೇ ಸುತ್ತಿಕೊಳ್ಳುತ್ತದೆ. ನಾನು ಪರದೆಯ ಮೇಲಿನ ಗೆರೆ ನೋಡುತ್ತಾ ಕುಳಿತಿದ್ದೆ. ಅಪ್ಪನ ದನಿ ಎಳೆಎಳೆಯಾಗಿ ಇಳಿದು, ನಿದ್ದೆಗಣ್ಣಿನವರ ಮಾತಿನಂತಾಗಿ, ನಿಂತಿತು. ಮುಚ್ಚಳ ತೆಗೆದರೆ ಕಂದು ಟೇಪ್ ರೋಲರಿಗೆ ಶಾವಿಗೆಯಂತೆ ಸುತ್ತಿಕೊಂಡಿದೆ.

ಕತ್ತರಿ ಹಿಡಿಯದೆ ಬಿಡಿಸಲು ಒಂದು ಗಂಟೆ ಹೆಣಗಿದೆ. ಪೆನ್ಸಿಲ್ ತೂರಿಸಿ ಸುತ್ತಿದೆ, ಬೆರಳಿನಿಂದ ಮಡಿಕೆ ನೀವಿದೆ. ಎರಡು ಮೊಳದಷ್ಟು ನಜ್ಜುಗುಜ್ಜಾಗಿ ಮೇಲಿನ ಲೇಪವೇ ಉದುರಿತ್ತು, ಅದನ್ನು ಕತ್ತರಿಸಿ ಅಂಟಿಸಬೇಕಾಯಿತು. ಕ್ಯಾಸೆಟ್ಟಿನ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಎರಡು ಮೊಳ, ತೊಂಬತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗಣಿತದ ಮೇಷ್ಟ್ರಿಗೆ ಈ ಭಾಗಾಕಾರ ಮಾಡದೆ ಇರಲು ಆಗಲಿಲ್ಲ.

ಯಂತ್ರವನ್ನು ಎಬ್ಬಿಸಿದ್ದು ಪಕ್ಕದ ಬೀದಿಯ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿ, ಈಗ ಎಂಜಿನಿಯರಿಂಗ್ ಎರಡನೆಯ ವರ್ಷ. ಮೊಬೈಲನ್ನು ಕೇಬಲ್‌ನಿಂದ ಸೇರಿಸಿ ಇಂಟರ್‌ನೆಟ್ ಕೊಟ್ಟು, ಆ ಕಪ್ಪು ಪರದೆಯಲ್ಲೇ ಕೂತು ಕಿತ್ತುಹೋದದ್ದನ್ನೆಲ್ಲ ಮತ್ತೆ ಹಾಕಿದಳು. ಕಡತಗಳೆಲ್ಲ ಇದ್ದ ಹಾಗೆಯೇ ಇದ್ದವು. ಆಮೇಲೆ ಕೇಳಿದಳು: “ಸರ್, ಕಾರ್ಡ್ ಅದಕ್ಕೆ ಕಾಣಿಸುತ್ತಿದೆಯೋ ಇಲ್ಲವೋ ಎಂದು ಯಂತ್ರವನ್ನೇ ಕೇಳಿದಿರಾ?”

ಮೂರು ವಾರದಲ್ಲಿ ನಾನು ಅಂಗಡಿಯವರನ್ನು ಕೇಳಿದ್ದೆ, ಸಹೋದ್ಯೋಗಿಯ ಮಗನನ್ನು ಕೇಳಿದ್ದೆ, ಯಂತ್ರವನ್ನು ಕೇಳಿರಲಿಲ್ಲ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯಿದೆ. ಅದರ ಮುಂದೆ ಅಡ್ಡಗೆರೆ ಹಾಕಿ ‘ಕೆ’ ಸೇರಿಸಿದರೆ (lspci -k) ಒಳಗೆ ಕೂರಿಸಿದ ಪ್ರತಿಯೊಂದು ಕಾರ್ಡನ್ನೂ, ಅದನ್ನು ಓಡಿಸುತ್ತಿರುವ ಡ್ರೈವರ್ ಎಂಬ ಪ್ರೋಗ್ರಾಮನ್ನೂ ತೋರಿಸುತ್ತದೆ. ಏನನ್ನೂ ಬದಲಾಯಿಸುವುದಿಲ್ಲ, ಬರೀ ಓದುತ್ತದೆ. ನನ್ನ ಕಾರ್ಡ್ ಅಲ್ಲಿತ್ತು: ಸಿಎಂಐ8738 ಎಂಬ ಚಿಪ್. ಅದರ ಕೆಳಗೇ ಡ್ರೈವರಿನ ಹೆಸರು. ಕಾರ್ಡ್ ಹಾಕಿದ ದಿನದಿಂದಲೂ ಅದು ಅಲ್ಲೇ ಇತ್ತು. ಕೀಳುವಂಥದ್ದೂ ಹೊಸದಾಗಿ ಹಾಕುವಂಥದ್ದೂ ಏನೂ ಇರಲಿಲ್ಲ.

ಟಾರ್ಚ್ ಹಿಡಿದು ಕಾರ್ಡ್ ನೋಡಿದೆವು, ಚಿಪ್ಪಿನ ಬೆನ್ನ ಮೇಲೂ ಅದೇ ಸಂಖ್ಯೆ. ಇದು ಹಳೆಯ, ನಂಬಿಕಸ್ತ ಚಿಪ್, ಆದರೆ 16 ಬಿಟ್‌ನದು, ಹೆಚ್ಚೆಂದರೆ 5.1. ಪೆಟ್ಟಿಗೆಯ 24 ಮತ್ತು 7.1 ಎಲ್ಲಿಂದ ಬಂದವೋ ಡ್ರ್ಯಾಗನ್ನಿಗೇ ಗೊತ್ತು. (ಕ್ಯಾಸೆಟ್ಟಿಗೆ 16 ಬಿಟ್ ಧಾರಾಳ ಸಾಕು. ಅದಕ್ಕಾಗಿ ನಾನು ಜಗಳವಾಡುವುದಿಲ್ಲ, ಸುಳ್ಳಿಗಾಗಿ ಆಡುತ್ತೇನೆ.)

ಹಾಗಾದರೆ ಗೆರೆ ಯಾಕೆ ಅಲುಗಾಡಲಿಲ್ಲ? ಲಿನಕ್ಸ್‌ನಲ್ಲಿ ಸದ್ದಿಗೆ ಎರಡು ಅಂತಸ್ತು. ಕೆಳಗೆ, ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗೆ ಆಲ್ಸಾ. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನೆಲ್‌ನಿಂದ ಅದೇ ಇದೆ. ಮೇಲೆ ಪಲ್ಸ್‌ಆಡಿಯೋ. ಮಿಂಟ್‌ನ 22ನೆಯ ಆವೃತ್ತಿಯಿಂದ ಅದರ ಜಾಗಕ್ಕೆ ಪೈಪ್‌ವೈರ್ ಬಂದಿದೆ, ಆದ್ದರಿಂದ ಒಂದಕ್ಕೆ ಬರೆದ ಸಲಹೆಯನ್ನು ಇನ್ನೊಂದಕ್ಕೆ ಅಂಟಿಸಿದರೆ ಕೆಡುತ್ತದೆ. ನಾನು ಮೂರು ವಾರ ಮೇಲಿನ ಅಂತಸ್ತಿನಲ್ಲೇ ಎಳೆದಾಡುತ್ತಿದ್ದೆ. ಕೆರೆಯ ತೂಬು ಮುಚ್ಚಿಟ್ಟು ಕಾಲುವೆ ಅಗೆದಂತೆ.

ತೂಬು ಇರುವುದು ಟರ್ಮಿನಲ್‌ನಲ್ಲಿ ತೆರೆಯುವ ಆಲ್ಸಾಮಿಕ್ಸರ್ ಎಂಬ ಪ್ರೋಗ್ರಾಮಿನಲ್ಲಿ. ಅದನ್ನು ನಾನೂ ತೆರೆದು ನೋಡಿದ್ದೆ, ಸದ್ದಿನ ಮಟ್ಟ ತೋರಿಸುವ ಒಂದೇ ಕಂಬ ಕಂಡಿತ್ತು, ಮುಚ್ಚಿದ್ದೆ. ಅದು ಪಲ್ಸ್‌ಆಡಿಯೋದ ಮುಖವಾಡವಂತೆ. ಹುಡುಗಿ ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿದಳು, ಸಾಲಾಗಿ ಹತ್ತಾರು ಕಂಬಗಳು ಎದ್ದವು. ಎಫ್4 ಒತ್ತಿದಾಗ ಒಳಬರುವ ಸದ್ದಿನವು ಮಾತ್ರ ಉಳಿದವು. ಮೈಕಿನ ಕಂಬದ ಕೆಳಗೆ ಕೆಂಪು ಅಕ್ಷರದಲ್ಲಿ ‘ಕ್ಯಾಪ್ಚರ್’ ಎಂದಿತ್ತು. ‘ಲೈನ್’ ಕಂಬದ ಕೆಳಗೆ ಏನೂ ಇಲ್ಲ. ಬಾಣದ ಗುಂಡಿಯಿಂದ ಲೈನ್‌ಗೆ ಸರಿದು ಸ್ಪೇಸ್ ಒತ್ತಿದಳು. ಕೆಂಪು ಅಕ್ಷರ ಮೂಡಿತು. ಬೇರೆ ಯಾವುದಾದರೂ ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಬಾಯಿ ಮುಚ್ಚಿದೆ ಎಂದರ್ಥ, ‘ಎಂ’ ಒತ್ತಿದರೆ ತೆರೆಯುತ್ತದೆ ಎಂದೂ ತೋರಿಸಿದಳು.

ಪರೀಕ್ಷೆಗೆ ಅಪ್ಪನ ಕ್ಯಾಸೆಟ್ ತೆಗೆದುಕೊಳ್ಳಲು ಹೋದೆ. ಅವಳು ಕೈ ಹಿಡಿದು, “ಬೇಡ ಸರ್, ಬೇರೆ ಯಾವುದಾದರೂ ಕೊಡಿ” ಎಂದಳು. ಮನೆಯಲ್ಲಿದ್ದ ಯಾವುದೋ ಇಂಗ್ಲಿಷ್ ಮಾತನಾಡಲು ಕಲಿಸುವ ಕ್ಯಾಸೆಟ್ ಹಾಕಿದೆವು. ಗೆರೆ ದಪ್ಪಗೆ ಉಬ್ಬಿ ಕುಣಿಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸ ಬೆಲ್ಟ್ ತರಿಸಿ, ಟೇಪ್ ರೆಕಾರ್ಡರಿನ ತಲೆಯನ್ನು (ಟೇಪ್ ಓದುವ ಭಾಗವನ್ನು) ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಈಗ ಹದಿನೇಳು ಕ್ಯಾಸೆಟ್ ಇಳಿಸಿದ್ದೇನೆ. ಒಂದೊಂದನ್ನೂ ಒಂದೇ ಸಲ ಓಡಿಸುತ್ತೇನೆ, ಪಕ್ಕದಲ್ಲೇ ಕೂತು, ಕಣ್ಣನ್ನು ಪರದೆಯ ಮೇಲಲ್ಲ, ತಿರುಗುವ ಚಕ್ರದ ಮೇಲೆ ಇಟ್ಟು.

ಕಳೆದ ವಾರ ಚಿಕ್ಕಬಳ್ಳಾಪುರಕ್ಕೆ ಹೋದಾಗ ಆ ಅಂಗಡಿಗೆ ಹೋಗಿ, ಪೆಟ್ಟಿಗೆಯ ಮೇಲಿನ ಸಂಖ್ಯೆಗಳು ಸುಳ್ಳು ಎಂದು ಹೇಳಿದೆ. ಲಿನಕ್ಸ್‌ನಲ್ಲಿ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ ಎಂದೂ, ನ್ಯಾಯವಾಗಿ, ಸೇರಿಸಿದೆ. ಮೊನ್ನೆ ಅದೇ ದಾರಿಯಲ್ಲಿ ಬರುವಾಗ ನೋಡಿದೆ. ಗಾಜಿನ ಹಿಂದೆ ಅದೇ ಡ್ರ್ಯಾಗನ್ ಪೆಟ್ಟಿಗೆ, 24 ಬಿಟ್ ಹಾಗೆಯೇ ಇದೆ, ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಹೊಸ ಚೀಟಿ: ‘ಲಿನಕ್ಸ್‌ಗೂ ಆಗುತ್ತದೆ’. ಬೆಲೆ 1,850.