ಮಾನವ ಹಕ್ಕುಗಳ ತಿಂಗಳ ಸಂವಾದ, ಧಾರವಾಡ: ಮೂರು ಬಾರಿ ಹೋಗಿ ಬಂದ ಮೇಲಿನ ಅಭಿಪ್ರಾಯ

ಧಾರವಾಡದ ವಾಚನಾಲಯವೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ರವಿವಾರ ಸಂಜೆ ನಡೆಯುವ ಈ ಸಂವಾದಕ್ಕೆ ಪ್ರವೇಶ ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಮಾನವ ಹಕ್ಕುಗಳು ಮತ್ತು ಜಗತ್ತಿನ ಸಮಸ್ಯೆಗಳು ಎಂಬ ವಿಷಯ ಕೇಳಿ ಭಾಷಣಗಳ ಸರಮಾಲೆ ಇರಬಹುದೆಂದು ಅಂಜಿಯೇ ಮೊದಲ ಸಲ ಹೋಗಿದ್ದೆ. ಅಲ್ಲಿ ವೇದಿಕೆಯೇ ಇರಲಿಲ್ಲ. ಸುಮಾರು ನಲವತ್ತು ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದ್ದರು, ನಡೆಸಿಕೊಡುವ ನಿವೃತ್ತ ಶಿಕ್ಷಕರೂ ಅವುಗಳಲ್ಲೊಂದರಲ್ಲಿ ಕುಳಿತಿದ್ದರು.

ಆರಂಭದ ಕ್ರಮ ನನಗೆ ಬಹಳ ಹಿಡಿಸಿತು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಸಾರ್ವತ್ರಿಕ ಘೋಷಣೆಯ 30 ವಿಧಿಗಳ ಕನ್ನಡ ಝೆರಾಕ್ಸ್ ಪ್ರತಿಯನ್ನು ಎಲ್ಲರಿಗೂ ಕೊಟ್ಟು, ಒಬ್ಬೊಬ್ಬರಿಂದ ಒಂದೊಂದು ವಿಧಿ ಓದಿಸುತ್ತಾರೆ. ಮೊದಲನೆಯದನ್ನು ಓದಿದ್ದು ಕಾಲೇಜು ಹುಡುಗಿಯೊಬ್ಬಳು. ಅದರ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥವೂ ಬರುವಂತಿದ್ದ ಇಂಗ್ಲಿಷ್ ಪದವನ್ನು ತೆಗೆಸಿ ‘ಎಲ್ಲ ಮಾನವ ಜೀವಿಗಳು’ ಎಂದು ಬರೆಯಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಎಂದು ಶಿಕ್ಷಕರು ಹೇಳಿದಾಗ, ಆ ಹುಡುಗಿ ತಾನು ಓದಿದ ಸಾಲನ್ನು ಯಾರೂ ಕೇಳದೆಯೇ ಮತ್ತೊಮ್ಮೆ ಓದಿದಳು.

ಮಾತು ಎಲ್ಲ ಸಲವೂ ಹೀಗೆ ಚುರುಕಾಗಿರುವುದಿಲ್ಲ. ಎರಡನೆಯ ಸಲ ಕಾನೂನು ಬಲ್ಲ ಅತಿಥಿಯೊಬ್ಬರು ಮೂರು ನಿಮಿಷದ ಮಿತಿಯನ್ನು ಮರೆತು ಅರ್ಧ ಗಂಟೆ ಮಾತನಾಡಿದರು. ತಡೆಯಬೇಕಾದವರು ಸಂಕೋಚದಿಂದ ಸುಮ್ಮನಿದ್ದರು. ಅತಿಥಿಗಳಿಗೂ ಗಡಿಯಾರ ತೋರಿಸುವ ದಾಕ್ಷಿಣ್ಯವಿಲ್ಲದ ರೂಢಿ ಇಲ್ಲಿ ಬರಬೇಕು.

ಮೂರನೆಯ ಸಲದ ವಿಷಯ ಹವಾಮಾನ ಬದಲಾವಣೆ. ಅತಿವೃಷ್ಟಿ, ಬರಗಳಿಂದ ನಷ್ಟ ಅನುಭವಿಸುವ ಬಡ ದೇಶಗಳಿಗೆ ನೆರವಾಗಲು ನಿಧಿಯೊಂದನ್ನು ಸ್ಥಾಪಿಸಬೇಕೆಂದು 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ ಒಪ್ಪಿಗೆಯಾದದ್ದನ್ನು ಶಿಕ್ಷಕರು ವಿವರಿಸುತ್ತಿದ್ದರು. ನರಗುಂದ ತಾಲೂಕಿನ ಮಲಪ್ರಭಾ ದಂಡೆಯ ಊರಿನಿಂದ ಮಗಳ ಜೊತೆ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಕೈ ಎತ್ತಿ, “ಸರ್, ಆ ರೊಕ್ಕಕ್ಕ ಅರ್ಜಿ ಎಲ್ಲಿ ಕೊಡೂದ್ರಿ?” ಎಂದು ಕೇಳಿದರು. ಯಾರೂ ನಗಲಿಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಅವರ ಮನೆಯ ಹಿಂದಿನ ಗೋಡೆಗಳೆರಡೂ ಬಿದ್ದಿದ್ದವು. ಆದರೆ ಪಂಚನಾಮೆಯಲ್ಲಿ ಅದು ‘ಸಿ’ ವರ್ಗಕ್ಕೆ, ಅಂದರೆ ಅಲ್ಪ ಹಾನಿಯ ಪಟ್ಟಿಗೆ ಸೇರಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ್ದ ಕಾಲದಲ್ಲಿ ಈ ಒಂದು ಅಕ್ಷರದ ಬೆಲೆ ಎಷ್ಟೆಂದು ಆ ದಂಡೆಯ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಪ್ಲಾಸ್ಟಿಕ್ ಚೀಲದಿಂದ ತೆಗೆದ ಅರ್ಜಿಯ ಪ್ರತಿ ಮಡಿಕೆಗಳಲ್ಲಿ ಹರಿದು, ಹಿಂಬದಿಯಲ್ಲಿ ಟೇಪು ಹಚ್ಚಿಸಿಕೊಂಡಿತ್ತು.

ಶಿಕ್ಷಕರು ಸುಳ್ಳು ಭರವಸೆ ಕೊಡಲಿಲ್ಲ. “ಯಮ್ಮಾ, ಅದು ದೇಶಗಳ ನಡುವಿನ ವ್ಯವಸ್ಥಾ, ನಾವು ನೀವು ಅರ್ಜಿ ಹಾಕೂದಲ್ರಿ” ಎಂದರು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಮಾತು ಅಲ್ಲಿಗೇ ನಿಂತದ್ದು ಈ ಸಂವಾದದ ದೊಡ್ಡ ಕೊರತೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರ್ಕಾರಿ ನೌಕರರಿಂದ ಹಕ್ಕಿನ ಉಲ್ಲಂಘನೆಯಾದರೆ, ಅಥವಾ ಅದನ್ನು ತಡೆಯುವಲ್ಲಿ ಅವರು ನಿರ್ಲಕ್ಷ್ಯ ತೋರಿದರೆ, ರಾಜ್ಯದ ಅಥವಾ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ರಾಷ್ಟ್ರೀಯ ಆಯೋಗಕ್ಕೂ ಕನ್ನಡದಲ್ಲೇ ಬರೆದು ಕಳಿಸಬಹುದು. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಆ ತಾಯಿಯ ದೂರು ಆಯೋಗದ ವ್ಯಾಪ್ತಿಗೆ ಬರುತ್ತಿತ್ತೋ ಇಲ್ಲವೋ ಎಂದು ವಿಚಾರಿಸಿ ನೋಡುವ ಅವಕಾಶವೂ 2020ರಲ್ಲೇ ಮುಗಿದಿತ್ತು, ಇದನ್ನು ಅವರಿಗೆ ಆವರೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದಾಗ ಅವರು, “ಆಗ ನಾವು ಶಾಲ್ಯಾಗಿನ ಗಂಜಿ ಕೇಂದ್ರದಾಗ ಇದ್ವಿ” ಎಂದಷ್ಟೇ ಹೇಳಿ ಕಾಗದ ಮಡಿಚಿದರು. 30 ವಿಧಿಗಳ ಪ್ರತಿಯ ಬೆನ್ನಿಗೆ ಈ ನಾಲ್ಕು ಸಂಗತಿಗಳನ್ನು ಅಚ್ಚು ಹಾಕಿಸುವುದಕ್ಕೆ ಹೆಚ್ಚಿನ ಖರ್ಚೇನೂ ಆಗದು.

ಇನ್ನೊಂದು ದೂರು ಜಾಗದ ಬಗ್ಗೆ. ಲಿಫ್ಟ್ ಇಲ್ಲದ ಮಹಡಿಗೆ ಕಡಿದಾದ ಮೆಟ್ಟಿಲು. ತ್ರಿಚಕ್ರ ವಾಹನದಲ್ಲಿ ಬಂದಿದ್ದ ಅಂಗವಿಕಲ ಯುವಕರೊಬ್ಬರು ಕೆಳಗೇ ಕುಳಿತು, ಕಿಟಕಿಯಿಂದ ಬರುವ ಮೈಕಿನ ದನಿಯನ್ನು ಕೇಳಿಸಿಕೊಂಡು ಹೋದರು. ಸಮಾನತೆಯ ಮಾತಾಡುವ ಕೂಟಕ್ಕೆ ಇದು ಸಲ್ಲದು. ಕೆಳಗಿನ ಓದುವ ಕೋಣೆ ರವಿವಾರ ಸಂಜೆ ಖಾಲಿಯೇ ಇರುತ್ತದೆ.

ಚಹಾ, ಗಿರ್ಮಿಟ್ ಚೆನ್ನಾಗಿರುತ್ತವೆ. ಆದರೆ ಅವು ಬರುವುದು ಕೊನೆಗೆ, ಹಳ್ಳಿಯ ಬಸ್ಸು ಹಿಡಿಯುವವರು ಎದ್ದು ಹೋದ ಮೇಲೆ. ನಡುವೆಯೇ ಕೊಟ್ಟರೆ ಒಳ್ಳೆಯದು.

ಇಷ್ಟೆಲ್ಲ ಕೊರತೆಗಳಿದ್ದರೂ ಹೋಗಿ ಎಂದೇ ಹೇಳುತ್ತೇನೆ. ನರಗುಂದದ ದಂಡೆಯ ತಾಯಿಯೊಬ್ಬರು ಈಜಿಪ್ಟಿನ ಒಪ್ಪಂದದ ಬಗ್ಗೆ ನೇರ ಪ್ರಶ್ನೆ ಕೇಳಿ, ನೇರ ಉತ್ತರ ಪಡೆದ ಇಂಥ ಇನ್ನೊಂದು ಜಾಗವನ್ನು ನಾನು ನಮ್ಮ ಭಾಗದಲ್ಲಿ ಕಂಡಿಲ್ಲ. ಹೋಗುವವರು ತಮ್ಮ ಬಾಕಿ ಅರ್ಜಿಯ ಪ್ರತಿಯನ್ನು ಜೊತೆಗೆ ಒಯ್ಯಲಿ, ಅದರ ಮೇಲಿನ ದಿನಾಂಕವನ್ನು ಮೊದಲು ತೋರಿಸಲಿ.