ನಾಯಿ ಸಾಕಿದವರು ‘ವಾಟರ್ ಪ್ರೂಫ್’ ವುಡನ್ ಫ್ಲೋರಿಂಗ್ ಹಾಕಿಸುವ ಮೊದಲು ಇದನ್ನು ಓದಿ

ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ನೋಡಿ ತಲೆ ಕೆಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ಫೋಟೋ ವಿಷಯ ಆಮೇಲೆ. ಮೊದಲು ದುಡ್ಡಿನ ವಿಷಯ. 47,000 ರೂಪಾಯಿ. ಎರಡು ಕೋಣೆ, 340 ಚದರ ಅಡಿ. ಐದು ತಿಂಗಳು ಬಾಳಲಿಲ್ಲ.

ನಮ್ಮದು ಬಾಗಲಕೋಟೆ ನವನಗರ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಮೇಲೆ ಮಾವ ಇಲ್ಲಿ ಕಟ್ಟಿಸಿದ್ದು. ನೆಲಕ್ಕೆ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಈ ಕಡೆಯವರೆಲ್ಲ ಅದರ ಮೇಲೇ ಅಂಬೆಗಾಲಿಟ್ಟವರು, ಹೊಸದಾಗಿ ಹೇಳಬೇಕಿಲ್ಲ. ನನಗೆ ಆ ಬೂದಿ ಬಣ್ಣ ನೋಡಿ ನೋಡಿ ಬೇಜಾರಾಗಿತ್ತು. ಹುಬ್ಬಳ್ಳಿಯ ನಾದಿನಿ ಮನೆಯಲ್ಲಿ ಕಟ್ಟಿಗೆ ನೆಲ ನೋಡಿ ಬಂದಿದ್ದೆ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ. “ಪರಸಿ ಬ್ಯಾಸಿಗ್ಯಾಗ ತಣ್ಣಗಿರ್ತೈತಿ, ಅದನ್ಯಾಕ ಮುಚ್ಚಾಕ ಹೊಂಟಿ?” ಅಂದರು ಅತ್ತೆ. ಕೇಳಲಿಲ್ಲ. ಈಗ ಅವರ ಮುಖ ನೋಡಲು ನಾಚಿಕೆ.

ಮನೆಯಲ್ಲಿ ಬಿಜಲಿ ಇದ್ದಾಳೆ. ಮುಧೋಳದ ಬೇಟೆ ನಾಯಿ, ಆಗ ನಾಲ್ಕು ತಿಂಗಳ ಮರಿ. ಈ ಜಾತಿ ಸಾಕಿದವರಿಗೆ ಗೊತ್ತು, ಇವು ನಡೆಯುವುದಿಲ್ಲ, ಹಾರುತ್ತವೆ. ಗೇಟಿನ ಸದ್ದಾದರೆ ಅಡುಗೆಮನೆಯಿಂದ ಪಡಸಾಲೆಗೆ ಎರಡೇ ಜಿಗಿತ. ಮರಿ ಅಂದಮೇಲೆ ಮನೆಯೊಳಗೇ ಉಚ್ಚೆಯನ್ನೂ ಹೊಯ್ಯುತ್ತದೆ. ಇದನ್ನು ಅಂಗಡಿಯವನಿಗೆ ಮುಚ್ಚಿಟ್ಟಿದ್ದೆನಾ? ಇಲ್ಲ. ಅಂಗಡಿಯಲ್ಲಿ ಕುಳಿತ ತಕ್ಷಣ ನಾನು ಹೇಳಿದ ಮೊದಲ ಮಾತೇ ಅದು.

“ಅಣ್ಣಾರ, ಮನ್ಯಾಗ ನಾಯಿಮರಿ ಐತ್ರಿ. ಉಚ್ಚಿ ಹೊಯ್ತೈತಿ, ಉಗುರಿಲೆ ಕೆರೀತೈತಿ. ನಡೀತದೇನ್ರಿ?”

“ಏನೂ ಆಗಂಗಿಲ್ರಿ ಅಕ್ಕಾರ. ಫುಲ್ ವಾಟರ್ ಪ್ರೂಫ್.”

ಅಂದವನೇ ಟೇಬಲ್ ಮೇಲಿನ ಸ್ಯಾಂಪಲ್ ತುಂಡಿನ ನಟ್ಟನಡುವೆ ಕುಡಿಯುವ ನೀರಿನ ಬಾಟಲಿ ಬಗ್ಗಿಸಿದ. ಹುಡುಗನಿಗೆ ಚಹಾ ತರಲು ಹೇಳಿದ. ನಾವು ಚಹಾ ಕುಡಿದು ಮುಗಿಸುವವರೆಗೂ ನೀರು ಹಾಗೇ ನಿಂತಿತ್ತು. ಆಮೇಲೆ ಹೆಗಲ ಮೇಲಿನ ಟವೆಲ್‌ನಿಂದ ಒರೆಸಿದ. ಒಂದು ಕಲೆ ಇಲ್ಲ. ಬೈಕಿನ ಕೀಲಿಯಿಂದ ಕೆರೆದು ತೋರಿಸಿದ. ಒಂದು ಗೆರೆ ಇಲ್ಲ. “ಮನ್ಯಾಗ ಹಿರ್‍ಯಾರಿಗೂ ತೋರಸ್ರಿ” ಅಂತ ಆ ತುಂಡನ್ನು ನನ್ನ ಕೈಗೇ ಕೊಟ್ಟ. ನಮ್ಮ ಮನೆಯವರೂ ತಲೆ ಅಲ್ಲಾಡಿಸಿದರು. ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆವು.

ಆ ಒಂದು ಕಪ್ ಚಹಾವನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ! ನೀರು ಹಾಕಿದ್ದು ನಡುವೆ. ನೆಲದಲ್ಲಿ ನೀರು ಇಳಿಯುವುದು ನಡುವೆ ಅಲ್ಲ, ಸಂದಿಯಲ್ಲಿ, ಅಲ್ವಾ? ಅಂಚಿಗೆ ಯಾಕೆ ಹಾಕಲಿಲ್ಲ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಬಿಎಸ್ಸಿ ಓದಿದವಳು ನಾನು.

ದೀಪಾವಳಿಗೆ ಮೂರು ದಿನ ಮೊದಲು ಇಬ್ಬರು ಹುಡುಗರು ಬಂದು ಒಂದೇ ದಿನದಲ್ಲಿ ಮುಗಿಸಿದರು. ಪರಸಿ ಮೇಲೆಯೇ ಫೋಮ್ ಹಾಳೆ, ಅದರ ಮೇಲೆ ಪಟ್ಟಿಗಳನ್ನು ಟಕ್ ಟಕ್ ಅಂತ ಒಂದಕ್ಕೊಂದು ಸಿಗಿಸುವುದು. ನೆಲ ಮಟ್ಟ ಇದೆಯಾ ಅಂತ ಯಾರೂ ನೋಡಲಿಲ್ಲ. ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಂಗಡಿಯವನೂ ಬಂದು ಫೋಟೋ ತೆಗೆದುಕೊಂಡ. ಬಿಜಲಿ ನಡುವೆ ಕುಳಿತಿದ್ದಳು.

ಮೊದಲು ಶುರುವಾಗಿದ್ದು ಜಾರುವುದು. ಬಿಜಲಿ ಓಡಿ ತಿರುಗುವಾಗ ಹಿಂಗಾಲು ಎರಡೂ ಅಗಲಕ್ಕೆ ಹೋಗಿ ಧೊಪ್ ಅಂತ ಬೀಳುತ್ತಿದ್ದಳು. ಬೆಳೆಯುವ ಮರಿ ಹೀಗೆ ಜಾರಿದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ, ಉಗುರು ಕತ್ತರಿಸಿ, ಚಾಪೆ ಹಾಸಿ ಅಂದರು ಡಾಕ್ಟರ್. ಚಾಪೆ ಹಾಸುವುದಾದರೆ ಈ ನೆಲ ಯಾಕೆ? ಇರಲಿ.

ಸಂಕ್ರಾಂತಿ ಹೊತ್ತಿಗೆ ಕಿಟಕಿ ಹತ್ತಿರ ಬರಿಗಾಲಿಗೆ ಏನೋ ತಾಗಿತು. ಕುಳಿತು ಬೆರಳಾಡಿಸಿದೆ. ಎರಡು ಪಟ್ಟಿ ಸೇರುವ ಕಡೆ ಅಂಚು ಉಬ್ಬಿ, ಬಾವು ಬಂದ ಒಸಡಿನ ಹಾಗೆ ಮೇಲೆದ್ದಿತ್ತು. ಬಿಜಲಿ ಎರಡು ಮೂರು ಸಲ ಉಚ್ಚೆ ಹೊಯ್ದಿದ್ದ ಜಾಗ. ಪ್ರತಿ ಸಲ ನೋಡಿದ ಕೂಡಲೇ ಒರೆಸಿದ್ದೆ. ಕೂಡಲೇ ಅಂದರೆ ಕೂಡಲೇ. ಆಮೇಲೆ ವಾಸನೆ ಶುರುವಾಯಿತು. ಫಿನಾಯಿಲ್ ಹಾಕಿದರೆ ಒಂದು ತಾಸು ಫಿನಾಯಿಲ್ ವಾಸನೆ, ಆಮೇಲೆ ಮತ್ತೆ ಅದೇ. ಆ ವಾಸನೆ ಹಿಡಿದು ಅವಳು ಅದೇ ಜಾಗಕ್ಕೆ ಬರುವುದು. ಸಿಟ್ಟಿಗೆ ಒಂದು ದಿನ ಬ್ಲೀಚ್ ಸುರಿದೆ. ಕಣ್ಣು ಉರಿದು, ಕೆಮ್ಮು ಬಂದು ಹೊರಗೆ ಓಡಿದೆ. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಬಿಎಸ್ಸಿ ಅಂದೆನಲ್ಲ, ಹಾಗೆ.

ಅಂಗಡಿಗೆ ಫೋನ್ ಮಾಡಿದೆ. “ಸೋಮವಾರ ಹುಡುಗರನ್ನ ಕಳಸ್ತೀನ್ರಿ.” ಸೋಮವಾರ ಹೋಯಿತು. “ಹುಡುಗರು ಜಮಖಂಡಿ ಸೈಟಿನ್ಯಾಗ ಅದಾರ್ರಿ.” ಇನ್ನೊಂದು ಸೋಮವಾರವೂ ಹೋಯಿತು. ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮತ್ತೆ ಕಳಿಸಿದೆ. ಆಗ ಬಂತು: “ಅಕ್ಕಾರ ನೀವು ನೀರ್ ಜಾಸ್ತಿ ಹಾಕಿ ಒರಸ್ತೀರಿ.” ಅಲ್ಲಾ, ಫುಲ್ ವಾಟರ್ ಪ್ರೂಫ್ ಅಂದವನು ಯಾರು? ಹಾಗೆಂದು ಕೇಳಿದ್ದಕ್ಕೆ ಬಂದ ಉತ್ತರ: “ಮ್ಯಾಲಿಂದ ವಾಟರ್ ಪ್ರೂಫ್ ರೀ. ಸಂದ್ಯಾಗ ಇಳದ್ರ ನಾವೇನ್ ಮಾಡೂಣು.”

ಮೇಲಿಂದ ವಾಟರ್ ಪ್ರೂಫ್! ಕೆಳಗಿನಿಂದ ಉಚ್ಚೆ ಹೊಯ್ಯುವ ನಾಯಿ ಯಾರ ಮನೆಯಲ್ಲಿದೆ?

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಒಂದು ಬಕೆಟ್ ನೀರು ತುಂಬಿದೆ. ಅವನು ಕೊಟ್ಟ ಸ್ಯಾಂಪಲ್ ಮನೆಯಲ್ಲಿತ್ತು. ಹಾಕಿ ಉಳಿದ ಪಟ್ಟಿಯ ತುಂಡೂ ಇತ್ತು. ಎರಡನ್ನೂ ಬಕೆಟ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಸ್ಯಾಂಪಲ್ ಹಾಕಿದ ಹಾಗೇ ಇತ್ತು. ನಮ್ಮ ನೆಲದ ತುಂಡು ಚಹಾದಲ್ಲಿ ಅದ್ದಿದ ಬಿಸ್ಕೀಟು! ಅಂಚು ಊದಿ, ಮೇಲಿನ ಪದರ ಬಿಟ್ಟು, ಒಳಗೆ ಕಂದು ಬಣ್ಣದ ಹೊಟ್ಟು. ಉಗುರಿನಿಂದ ಕೆದರಿದರೆ ಉದುರುತ್ತಿತ್ತು.

ಎರಡೂ ಬೇರೆ ಬೇರೆ ಮಾಲು ಅಂತ ನನಗೆ ಗೊತ್ತಾದದ್ದೇ ಆಗ. ತೋರಿಸಿದ್ದು ಎಸ್‌ಪಿಸಿ, ಅಂದರೆ ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ್ದು. ಅದಕ್ಕೆ ನೀರು ಏನೂ ಮಾಡುವುದಿಲ್ಲ. ಹಾಕಿದ್ದು ಲ್ಯಾಮಿನೇಟ್. ಕಟ್ಟಿಗೆ ನಾರನ್ನು ಅಂಟಿನಲ್ಲಿ ಒತ್ತಿ, ಮೇಲೆ ಕಟ್ಟಿಗೆ ಚಿತ್ರದ ಕಾಗದ ಕೂರಿಸಿದ್ದು. ಒಮ್ಮೆ ಊದಿದರೆ ಒಣಗಿದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ಡಬ್ಬಿ ಮೇಲೆ ಎಸಿ 4 ಅಂತ ದೊಡ್ಡದಾಗಿ ಬರೆದಿತ್ತು, ನಾನು ಅದನ್ನೂ ನಂಬಿದ್ದೆ. ಅದು ಮೇಲ್ಮೈ ಸವೆಯುವ ಲೆಕ್ಕ. ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಎರಡೂ ತುಂಡು ಹಿಡಿದು ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಬಗಲಲ್ಲಿ ಕರೆದು ಮೆತ್ತಗೆ ಹೇಳಿದ, “ಬಿಲ್ ತರ್ರಿ ಅಕ್ಕಾರ, ನೋಡೂಣು.” ಬಿಲ್‌ನಲ್ಲಿ ಏನಿದೆ? “ವುಡನ್ ಫ್ಲೋರಿಂಗ್, 340.” ಅಷ್ಟೇ. ಲ್ಯಾಮಿನೇಟ್ ಅಂತಲೂ ಇಲ್ಲ, ಎಸ್‌ಪಿಸಿ ಅಂತಲೂ ಇಲ್ಲ. ವಾರಂಟಿ ಕಾರ್ಡ್ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್‌ನಲ್ಲಿ, ನಿಂತ ನೀರು ಮತ್ತು ಸಾಕುಪ್ರಾಣಿಗಳಿಂದಾದ ಹಾನಿಗೆ ವಾರಂಟಿ ಇಲ್ಲ. ಅದನ್ನು ಬೆರಳಿಟ್ಟು ತೋರಿಸಿದವನೂ ಅವನೇ. ಕೊನೆಗೆ ಎಲ್ಲರ ಎದುರಿಗೆ, “ನಾಯಿ ಹೊರಗ ಕಟ್ಟೂದ್ರಿ, ಒಳಗ ಯಾರ್ ಇಟ್ಕೊತಾರ?” ಕೈಯಲ್ಲಿ ಊದಿದ ತುಂಡು ಹಿಡಿದು ನಿಂತಿದ್ದೆ. ಒಬ್ಬ ಗಿರಾಕಿ ನಕ್ಕ.

ಯುಗಾದಿಗೆ ಪಡಸಾಲೆಯದ್ದು ಕಿತ್ತು ಹಾಕಿದೆವು. ಫೋಮ್ ಕೆಳಗೆ ಹಳದಿ ನೀರು ಕೂತಿತ್ತು, ಮೂಗು ಮುಚ್ಚಿಕೊಂಡೇ ಕೆಲಸ. ಎರಡು ದಿನ ತೊಳೆದ ಮೇಲೆ ಪರಸಿ ಮೊದಲಿನ ಹಾಗೆ ಆಯಿತು. ಬಿಸಿಲು ಶುರುವಾದಾಗಿನಿಂದ ಬಚ್ಚಲಲ್ಲಿ ಹೋಗಿ ಮಲಗುತ್ತಿದ್ದ ಬಿಜಲಿ, ಆವತ್ತೇ ಪಡಸಾಲೆಯಲ್ಲಿ ಹೊಟ್ಟೆ ಅಂಟಿಸಿ ಮಲಗಿದಳು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾಯಿ ಬೆಕ್ಕು ಇದ್ದವರು ಸುಮ್ನೆ ಸ್ಯಾಂಪಲ್ ಇಸ್ಕೊಂಡು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ. ನಿಮ್ಮ ಮನೆಗೆ ಬಂದ ಡಬ್ಬಿಯಿಂದಲೂ ಒಂದು ತುಂಡು ಮುಳುಗಿಸಿ, ಹುಡುಗರು ಕೆಲಸ ಶುರು ಮಾಡುವ ಮೊದಲೇ. ಬಿಲ್‌ನಲ್ಲಿ ಮಾಲಿನ ಪೂರ್ತಿ ಹೆಸರು ಬರೆಸಿ. ಹೊಸ ನೆಲವೇ ಬೇಕಾದರೆ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್, ಸಂದಿಗೆ ಸಿಮೆಂಟ್ ಬದಲು ನೀರು ಹೀರದ ಎಪಾಕ್ಸಿ ಅಂಟು. ನಮ್ಮ ಇಳಕಲ್ ಗ್ರಾನೈಟ್ ಗಟ್ಟಿ, ಆದರೆ ಕನ್ನಡಿ ಪಾಲಿಶ್ ಮಾಡಿಸಿದರೆ ನಾಯಿ ಅಲ್ಲೂ ಜಾರುತ್ತದೆ. ಪರಸಿ ಇದ್ದವರು ಅದನ್ನು ಬಿಡಬೇಡಿ. ಆ್ಯಸಿಡ್ ಮಾತ್ರ ಹಾಕಬೇಡಿ, ಸುಣ್ಣದ ಕಲ್ಲು ಅದು, ತಿಂದುಹೋಗುತ್ತದೆ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುವವಳೇ. ಐದು ಲಕ್ಷದೊಳಗಿನ ಮಾಲಿಗೆ ಅಲ್ಲಿ ಶುಲ್ಕ ಇಲ್ಲ. ಬಿಲ್ ನೋಡಿ ಅವರೇನು ಹೇಳುತ್ತಾರೋ ಅಂತ ಭಯ ಇದೆ.

ಇನ್ನು ಆ ಫೋಟೋ. ನಿನ್ನೆ ಅವನ ಸ್ಟೇಟಸ್‌ನಲ್ಲಿ ನಮ್ಮ ಪಡಸಾಲೆ! ನಡುವೆ ಬಿಜಲಿ ಕಿವಿ ನೆಟ್ಟಗೆ ಮಾಡಿ ಕುಳಿತಿದ್ದಾಳೆ. ಮೇಲೆ ಕೆಂಪಕ್ಷರದಲ್ಲಿ “ಪೆಟ್ ಫ್ರೆಂಡ್ಲಿ ಫ್ಲೋರಿಂಗ್, ಸ್ಪೆಷಲ್ ರೇಟ್.” ಈಗಲೇ ತೆಗೆಯಿರಿ ಅಂತ ಬರೆದೆ. ಮೂರು ತಿಂಗಳಿಂದ ಉತ್ತರ ಕೊಡಲು ಪುರುಸೊತ್ತಿಲ್ಲದವನು ಒಂದೇ ನಿಮಿಷಕ್ಕೆ ಉತ್ತರ ಕೊಟ್ಟ.

“ಇರ್ಲಿ ಬಿಡ್ರಿ ಅಕ್ಕಾರ, ನಾಯಿ ಫೋಟೋ ಭಾಳ ಚಲೋ ಬಂದೈತಿ.”